ಕೊಲೆಸ್ಟ್ರಾಲ್ ಮಾತ್ರೆ: ಯಾವುದು, ಎಷ್ಟು, ಕಾಲು ಸೆಳೆದರೆ ಏನು?

ಬಿಪಿ, ಶುಗರ್ ಮಾತ್ರೆಗಳನ್ನು ಹಾಕಿಡುವ ಡಬ್ಬಿಯ ತಳ ತಡಕಿದರೆ ಅನೇಕ ಮನೆಗಳಲ್ಲಿ ಅರ್ಧಕ್ಕೇ ನಿಂತ ಒಂದು ಸ್ಟ್ರಿಪ್ ಸಿಗುತ್ತದೆ. ಹಿಂಬದಿಯ ಬೆಳ್ಳಿ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿ ಅಟೋರ್ವಾಸ್ಟ್ಯಾಟಿನ್ ಎಂದೋ ರೋಸುವಾಸ್ಟ್ಯಾಟಿನ್ ಎಂದೋ ಬರೆದಿರುತ್ತದೆ. ಬಿಪಿ ಮಾತ್ರೆ ತಿಂಗಳು ತಿಂಗಳು ಖರ್ಚಾಗುತ್ತಿದೆ, ಶುಗರ್ ಮಾತ್ರೆಯೂ ಅಷ್ಟೆ. ಇದೊಂದು ಮಾತ್ರ ಆರನೆಯ ಮಾತ್ರೆಗೇ ನಿಂತುಬಿಟ್ಟಿದೆ. ಯಾಕೆಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಈ ಮೂರರಲ್ಲೊಂದು. “ಕಾಲು ಸೆಳೀತಿತ್ತು, ಬಿಟ್ಟೆ.” “ಲಿವರ್ ಹಾಳಾಗುತ್ತಂತೆ.” “ಮತ್ತೆ ಟೆಸ್ಟ್ ಮಾಡಿಸಿದೆ, ನಾರ್ಮಲ್ ಬಂತು, ಇನ್ಯಾಕೆ ಅಂತ ನಿಲ್ಲಿಸಿದೆ.”

ಮೂರನೆಯ ಉತ್ತರಕ್ಕೆ ಒಂದೇ ಸಾಲಿನ ಸಮಾಧಾನ ಸಾಕು. ನಾರ್ಮಲ್ ಬಂದದ್ದೇ ಮಾತ್ರೆಯಿಂದ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅಂಕಿ ಮತ್ತೆ ಹಳೆಯ ಜಾಗಕ್ಕೆ ಹೋಗಿ ಕೂರುತ್ತದೆ. ಉಳಿದೆರಡಕ್ಕೆ ಅಷ್ಟು ಚುಟುಕು ಉತ್ತರವಿಲ್ಲ.

ಕರ್ನಾಟಕದ ಮಂದಿಗೆ ಹೃದಯದ ಭಯ ಹೊಸದೇನಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮರುದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಾ ಸುದ್ದಿಯಾದಾಗ ಮೈಸೂರಿನ ಜಯದೇವದ ಮುಂದೆಯೂ ಅದೇ ಸರದಿ ಸಾಲು. ಸಾಲಿನಲ್ಲಿ ನಿಂತ ಎಷ್ಟೋ ಮಂದಿ ಒಂದು ಇಸಿಜಿ, ಒಂದು ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆಯ ವರದಿ) ಕೈಯಲ್ಲಿ ಹಿಡಿದು ಮನೆಗೆ ಬಂದರು. ಆ ಲಿಪಿಡ್ ಪ್ರೊಫೈಲ್ ಹಾಳೆಯನ್ನು ಓದುವುದು ಹೇಗೆ, ಮಾತ್ರೆ ಬರೆದುಕೊಟ್ಟರೆ ಅದರ ಜೊತೆ ವರ್ಷಗಟ್ಟಲೆ ಬಾಳುವುದು ಹೇಗೆ ಎಂಬ ವಿಷಯ ಸುದ್ದಿಯಾಗಲಿಲ್ಲ.

ಅಂಕಿಗಿಂತ ಮೊದಲು ಆಳು

ಕೊಲೆಸ್ಟ್ರಾಲ್ ವಿಷವೇನಲ್ಲ. ಜೀವಕೋಶದ ಗೋಡೆಗೂ ಹಾರ್ಮೋನುಗಳಿಗೂ ಪಿತ್ತರಸಕ್ಕೂ ಅದು ಬೇಕೇ ಬೇಕು. ಹೆಚ್ಚಿನ ಪಾಲನ್ನು ದೇಹವೇ, ಅದರಲ್ಲೂ ಯಕೃತ್ತು, ತಯಾರಿಸಿಕೊಳ್ಳುತ್ತದೆ. ಊಟದಿಂದ ಬರುವುದು ಸಣ್ಣ ಪಾಲು. ಎಣ್ಣೆ ಮುಟ್ಟದ, ಮೊಟ್ಟೆ ತಿನ್ನದ ಅಜ್ಜಿಯ ರಿಪೋರ್ಟಿನಲ್ಲೂ 240 ಬರುವುದು ಇದೇ ಕಾರಣಕ್ಕೆ. ರಕ್ತದಲ್ಲಿ ಇದನ್ನು ಹೊತ್ತು ತಿರುಗುವ ಕಣಗಳಲ್ಲಿ ಎಲ್‌ಡಿಎಲ್ ಎಂಬುದು ಅತಿಯಾದಾಗ ರಕ್ತನಾಳದ ಒಳಗೋಡೆಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ಮಾತ್ರೆಯ ಗುರಿ ಮುಖ್ಯವಾಗಿ ಇದೇ.

ರಿಪೋರ್ಟಿನ ಬಲಗಡೆ ಲ್ಯಾಬ್‌ನವರು ಅಚ್ಚು ಹಾಕಿರುವ ‘ನಾರ್ಮಲ್’ ಅಂಕಣವನ್ನು ಎಲ್ಲರೂ ಮೊದಲು ನೋಡುತ್ತಾರೆ. ಆದರೆ ಆ ಅಂಕಣಕ್ಕೆ ರಿಪೋರ್ಟ್ ಯಾರದ್ದೆಂದು ಗೊತ್ತಿಲ್ಲ. ಇಬ್ಬರನ್ನು ಕಲ್ಪಿಸಿಕೊಳ್ಳಿ: ಶಿರಸಿಯ 35ರ ಒಬ್ಬ ಶಿಕ್ಷಕಿ, ಬಿಪಿ ಇಲ್ಲ, ಶುಗರ್ ಇಲ್ಲ, ಮನೆತನದಲ್ಲಿ ಹೃದ್ರೋಗವಿಲ್ಲ; ಇನ್ನು ದಾವಣಗೆರೆಯ 58ರ ಒಬ್ಬ ಅಂಗಡಿ ಮಾಲೀಕ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು. ಇಬ್ಬರ ಎಲ್‌ಡಿಎಲ್ ಕೂಡ 120. ಶಿಕ್ಷಕಿಗೆ ವೈದ್ಯರು ನಡಿಗೆ, ಊಟದ ಮಾತು ಹೇಳಿ ಕಳಿಸಿದರೆ ಆಶ್ಚರ್ಯವಿಲ್ಲ. ಅಂಗಡಿಯವರ ಪಾಲಿಗೆ ಅದೇ 120 ಇರಬೇಕಾದ್ದಕ್ಕಿಂತ ದುಪ್ಪಟ್ಟಿಗೂ ಹೆಚ್ಚು.

ಈ ಲೆಕ್ಕವನ್ನು ಭಾರತದವರಿಗೇ ಎಂದು ಬರೆದಿಟ್ಟದ್ದು ಭಾರತೀಯ ಹೃದ್ರೋಗ ತಜ್ಞರ ಸಂಘ. 2024ರ ಜುಲೈನಲ್ಲಿ ಬಂದ ಅದರ ಮಾರ್ಗಸೂಚಿಯ ಪ್ರಕಾರ ಸಾಮಾನ್ಯರ ಎಲ್‌ಡಿಎಲ್ ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕೆಳಗಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹೆಚ್ಚಿನ ಅಪಾಯವಿರುವವರಿಗೆ 70ರ ಕೆಳಗೆ. ಹೃದಯಾಘಾತ, ಪಾರ್ಶ್ವವಾಯು ಆದವರಂಥ ಅತಿ ಅಪಾಯದವರಿಗೆ 55ರ ಕೆಳಗೆ. 18ನೇ ವಯಸ್ಸಿಗೇ ಒಮ್ಮೆ ಪರೀಕ್ಷೆ ಆಗಬೇಕು, ಅದಕ್ಕೆ ಖಾಲಿ ಹೊಟ್ಟೆಯಲ್ಲೇ ಬರಬೇಕೆಂದಿಲ್ಲ ಎಂದೂ ಅದು ಹೇಳುತ್ತದೆ. ಬೆಳಗಿನ ಕಾಫಿ ತ್ಯಾಗ ಮಾಡಿ ಲ್ಯಾಬಿನ ಬೆಂಚಿನ ಮೇಲೆ ತಲೆ ತಿರುಗುತ್ತ ಕೂತವರಿಗೆ ಇದು ನೆಮ್ಮದಿಯ ಸುದ್ದಿಯೇ. ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ವಿಪರೀತ ಇದ್ದರೆ ಮಾತ್ರ ಉಪವಾಸದ ಪರೀಕ್ಷೆ ಮತ್ತೆ ಬೇಕಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಕಳೆಯುವ ಲೆಕ್ಕವಿದೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ‘ಒಳ್ಳೆಯದು’ ಎನ್ನುವ ಎಚ್‌ಡಿಎಲ್ ಕಳೆಯಿರಿ. ಉಳಿದದ್ದು ‘ನಾನ್ ಎಚ್‌ಡಿಎಲ್’, ಅಂದರೆ ನಾಳಕ್ಕೆ ಕೇಡು ಮಾಡುವ ಕಣಗಳೆಲ್ಲವೂ ಹೊತ್ತ ಕೊಲೆಸ್ಟ್ರಾಲ್. ಒಟ್ಟು 210, ಎಚ್‌ಡಿಎಲ್ 38 ಇದ್ದರೆ ಅದು 172. ಎಲ್‌ಡಿಎಲ್ ಗುರಿಗೆ 30 ಸೇರಿಸಿದರೆ ಇದರ ಗುರಿ ಸಿಗುತ್ತದೆ. ಹೊಟ್ಟೆ ಮುಂದೆ ಬಂದ, ಟ್ರೈಗ್ಲಿಸರೈಡ್ ಏರಿದ, ಎಚ್‌ಡಿಎಲ್ ಇಳಿದ ಮಾದರಿ ನಮ್ಮಲ್ಲಿ ಬಹಳ ಸಾಮಾನ್ಯ. ಅಂಥವರಲ್ಲಿ ಎಲ್‌ಡಿಎಲ್ ಒಂದೇ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ.

ಮಾತ್ರೆ ಶುರು ಮಾಡುವ ಮುಂಚೆ ಇನ್ನೆರಡು ವಿಷಯ ವಿಚಾರಿಸಿಕೊಳ್ಳಬೇಕು. ಮೊದಲನೆಯದು ಥೈರಾಯ್ಡ್. ಅದು ಮಂದವಾದರೆ ಎಲ್‌ಡಿಎಲ್ ಏರುತ್ತದೆ, ಸ್ನಾಯುಗಳೂ ನೋಯುತ್ತವೆ. ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ನೋಡದೆ ಸ್ಟ್ಯಾಟಿನ್ ಗುಂಪಿನ ಈ ಮಾತ್ರೆಗಳನ್ನು ಶುರು ಮಾಡಿದರೆ ಥೈರಾಯ್ಡಿನ ನೋವಿಗೂ ಮಾತ್ರೆಯೇ ಬೈಗುಳ ತಿನ್ನಬೇಕಾಗುತ್ತದೆ. ಎರಡನೆಯದು ವಂಶ. ಎಲ್‌ಡಿಎಲ್ 190 ದಾಟಿದ್ದು, ಅಪ್ಪನಿಗೋ ಚಿಕ್ಕಪ್ಪನಿಗೋ ಐವತ್ತರೊಳಗೆ ಹೃದಯಾಘಾತವಾಗಿದ್ದರೆ ಅದು ಹುಟ್ಟಿನಿಂದ ಬಂದ ಕೊಲೆಸ್ಟ್ರಾಲ್ ಇರಬಹುದು. ಆಗ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಲೈಪೊಪ್ರೋಟೀನ್ ‘ಎ’ ಎಂಬ ಇನ್ನೊಂದು ಪರೀಕ್ಷೆಯಿದೆ. ಅದೂ ವಂಶದ್ದೇ, ಊಟಕ್ಕೆ ಜಗ್ಗುವುದಿಲ್ಲ. ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು.

ಹಾಗಾದರೆ ಊಟ, ನಡಿಗೆ? ಖಂಡಿತ ಬೇಕು. ವನಸ್ಪತಿ, ಬೇಕರಿ ಪಫ್, ಕರಿದದ್ದು, ತುಪ್ಪ, ತೆಂಗಿನೆಣ್ಣೆಯ ಪ್ರಮಾಣ ಇಳಿಸಿ, ಕಾಳು, ಸೊಪ್ಪು, ನಾರು ಹೆಚ್ಚಿಸಿದರೆ ಎಲ್‌ಡಿಎಲ್ ನೂರಕ್ಕೆ ಹತ್ತು ಹದಿನೈದರಷ್ಟು ಇಳಿಯಬಹುದು. ತೆಂಗಿನೆಣ್ಣೆಯ ಹೆಸರು ತೆಗೆದರೆ ಕರಾವಳಿಯವರು ಮುನಿಸಿಕೊಳ್ಳುತ್ತಾರೆ, ಆದರೆ ಅದು ಎಲ್‌ಡಿಎಲ್ ಏರಿಸುವುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಗುರಿ 20ರಷ್ಟು ದೂರವಿದ್ದರೆ ತಟ್ಟೆಯಿಂದಲೇ ತಲುಪಬಹುದು. 80 ದೂರವಿದ್ದರೆ ತಟ್ಟೆಯೊಂದೇ ಸಾಲದು.

ಬೂಸ್ಟಿನಿಂದ ಬಂದ ಔಷಧ

ಸ್ಟ್ಯಾಟಿನ್ ಹುಟ್ಟಿದ್ದು ಬೂಸ್ಟಿನಲ್ಲಿ. ಜಪಾನಿನ ಸಾಂಕ್ಯೊ ಕಂಪನಿಯಲ್ಲಿದ್ದ ಅಕಿರ ಎಂಡೊ ಎಂಬ ವಿಜ್ಞಾನಿ ಸುಮಾರು ಆರು ಸಾವಿರ ಬಗೆಯ ಶಿಲೀಂಧ್ರಗಳನ್ನು ಜಾಲಾಡಿ, 1973ರಲ್ಲಿ ಪೆನಿಸಿಲಿಯಂ ಜಾತಿಯ ನೀಲಿ–ಹಸಿರು ಬೂಸ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಕಂಡರು. ಆ ಬೂಸ್ಟು ಸಿಕ್ಕಿದ್ದು ಕ್ಯೋಟೊದ ಧಾನ್ಯದ ಅಂಗಡಿಯೊಂದರ ಅಕ್ಕಿಯಲ್ಲಿ. ಯಕೃತ್ತು ಕೊಲೆಸ್ಟ್ರಾಲ್ ತಯಾರಿಸಲು ಬಳಸುವ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಕೈಗೆ ಕೊಲೆಸ್ಟ್ರಾಲ್ ಸಾಲದ ಯಕೃತ್ತು ಆಗ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನೇ ಎಳೆದುಕೊಳ್ಳುತ್ತದೆ. 1987ರಲ್ಲಿ ಅಮೆರಿಕದಲ್ಲಿ ಲೋವಾಸ್ಟ್ಯಾಟಿನ್ ಮಾರುಕಟ್ಟೆಗೆ ಬಂತು. 1994ರಲ್ಲಿ ಉತ್ತರ ಯುರೋಪಿನ 4,444 ಹೃದ್ರೋಗಿಗಳ ಅಧ್ಯಯನ ಹೊರಬಂದು, ಸಿಮ್ವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಸಾವಿನ ಸಂಭವ ಶೇ 30ರಷ್ಟು ಇಳಿದದ್ದು ಕಂಡಿತು. ಈ ಗುಂಪಿನ ಔಷಧಗಳ ಬಗ್ಗೆ ವೈದ್ಯಲೋಕಕ್ಕೆ ಇರುವ ಭರವಸೆ ಅಲ್ಲಿಂದ ಗಟ್ಟಿಯಾಯಿತು.

ಇಂದು ಭಾರತದ ಮೆಡಿಕಲ್ ಶಾಪ್‌ಗಳಲ್ಲಿ ಓಡುವುದು ಮುಖ್ಯವಾಗಿ ಎರಡು: ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್. ಯಾವುದು ಒಳ್ಳೆಯದೆಂಬ ಪ್ರಶ್ನೆಗಿಂತ, ತಮಗೆ ಎಷ್ಟು ಇಳಿಯಬೇಕು ಎಂಬ ಪ್ರಶ್ನೆ ಹೆಚ್ಚು ಉಪಯೋಗದ್ದು. ಅಟೋರ್ವಾ 10 ಮಿಲಿಗ್ರಾಂ ಎಲ್‌ಡಿಎಲ್ ಅನ್ನು ಸುಮಾರು ಶೇ 35ರಿಂದ 40ರಷ್ಟು ಇಳಿಸುತ್ತದೆ. ರೋಸುವಾ 10 ಸುಮಾರು 45. ಅಟೋರ್ವಾ 40–80, ರೋಸುವಾ 20–40 ಸುಮಾರು ಅರ್ಧಕ್ಕೆ, ಕೆಲವರಲ್ಲಿ ಅದಕ್ಕೂ ಕೆಳಗೆ ತರುತ್ತವೆ. ಇಲ್ಲಿ ಗಮನಿಸಬೇಕಾದ ಒಂದು ಗುಟ್ಟಿದೆ. ಡೋಸ್ ದುಪ್ಪಟ್ಟಾದರೆ ಪರಿಣಾಮ ದುಪ್ಪಟ್ಟಾಗುವುದಿಲ್ಲ. ಪ್ರತಿ ಸಲ ದುಪ್ಪಟ್ಟು ಮಾಡಿದಾಗಲೂ ಸಿಗುವುದು ಹೆಚ್ಚುವರಿ ಶೇ 6 ಮಾತ್ರ.

ಹಾಗಾಗಿ ಹಿಂದಿನಂತೆ ಡೋಸ್ ಏರಿಸುತ್ತ ಹೋಗುವ ಬದಲು ಎರಡನೆಯ ಔಷಧವನ್ನು ಬೇಗ ಜೊತೆಗೂಡಿಸುವುದು ಈಗಿನ ರೂಢಿ. ಆ ಎರಡನೆಯದು ಸಾಮಾನ್ಯವಾಗಿ ಎಜೆಟಿಮೈಬ್ 10 ಮಿಲಿಗ್ರಾಂ. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೊಳ್ಳುವುದನ್ನು ತಡೆದು ಇನ್ನೊಂದು ಶೇ 20ರಷ್ಟು ಇಳಿಸುತ್ತದೆ. ದಾವಣಗೆರೆಯ ನಮ್ಮ ಅಂಗಡಿಯವರದ್ದೇ ಲೆಕ್ಕ ಹಾಕೋಣ. ಎಲ್‌ಡಿಎಲ್ 120. ರೋಸುವಾ 10 ಕೊಟ್ಟರೆ 66ಕ್ಕೆ ಬರುತ್ತದೆ, 55ರ ಗುರಿ ತಪ್ಪಿತು. ರೋಸುವಾ 20 ಮಾಡಿದರೆ 59ರ ಆಸುಪಾಸು, ಇನ್ನೂ ಇಲ್ಲ. ರೋಸುವಾ 10ರ ಜೊತೆ ಎಜೆಟಿಮೈಬ್ ಸೇರಿಸಿದರೆ ಸುಮಾರು 53, ತಲುಪಿತು. ನಿಜವಾದ ದೇಹ ಇಷ್ಟು ಅಚ್ಚುಕಟ್ಟಾಗಿ ಗಣಿತ ಪಾಲಿಸುವುದಿಲ್ಲ, ಆದರೆ ದಾರಿ ಇದೇ. ದಕ್ಷಿಣ ಕೊರಿಯಾದಲ್ಲಿ 3,780 ಹೃದ್ರೋಗಿಗಳ ಮೇಲೆ ಇದೇ ಎರಡು ದಾರಿಗಳನ್ನು ಮೂರು ವರ್ಷ ಹೋಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ರಕ್ಷಣೆಯಲ್ಲಿ ಜೋಡಿ ಮಾತ್ರೆ ಹಿಂದೆ ಬೀಳಲಿಲ್ಲ. ಸಹಿಸಲಾಗದೆ ಔಷಧ ಬಿಟ್ಟವರು, ಡೋಸ್ ಇಳಿಸಿಕೊಂಡವರು ಜೋಡಿ ಮಾತ್ರೆಯ ಗುಂಪಿನಲ್ಲಿ ಶೇ 4.8, ದೊಡ್ಡ ಡೋಸಿನ ಗುಂಪಿನಲ್ಲಿ 8.2.

ಅಟೋರ್ವಾ, ರೋಸುವಾ ಎರಡರ ನಡುವೆ ಆಯ್ಕೆ ಮಾಡಿಸುವ ಸಂಗತಿಗಳೂ ಕೆಲವಿವೆ. ಕಿಡ್ನಿ ತೀರಾ ದುರ್ಬಲವಾದವರಿಗೆ ರೋಸುವಾ 10 ಮಿಲಿಗ್ರಾಂ ಮೀರಬಾರದು. ಅಟೋರ್ವಾಕ್ಕೆ ಆ ಕಟ್ಟುಪಾಡಿಲ್ಲ. ಏಷ್ಯಾ ಮೂಲದವರ ರಕ್ತದಲ್ಲಿ ರೋಸುವಾ ಮಟ್ಟ ಬಿಳಿಯರಿಗಿಂತ ಸುಮಾರು ದುಪ್ಪಟ್ಟು ಏರುವುದು ಕಂಡುಬಂದಿದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅವರಿಗೆ 5 ಮಿಲಿಗ್ರಾಂನಿಂದ ಶುರು ಮಾಡಲು ಹೇಳುತ್ತದೆ. ಅಮೆರಿಕದಲ್ಲಿರುವ ಮಗನ ಮನೆಗೆ ಹೋದ ಅಪ್ಪನಿಗೆ ಅಲ್ಲಿನ ವೈದ್ಯರು ಚಿಕ್ಕ ಡೋಸ್ ಬರೆದರೆ ಗಾಬರಿಯಾಗಬೇಕಿಲ್ಲ. ಹೊತ್ತಿನ ವಿಚಾರಕ್ಕೆ ಬಂದರೆ ಸಿಮ್ವಾಸ್ಟ್ಯಾಟಿನ್ ರಾತ್ರಿಯೇ ನುಂಗಬೇಕು. ಅಟೋರ್ವಾ, ರೋಸುವಾ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಬೆಳಿಗ್ಗೆ ಬಿಪಿ ಮಾತ್ರೆಯ ಜೊತೆಗೇ ನುಂಗಿದರೂ ನಡೆಯುತ್ತದೆ. ರಾತ್ರಿ ಮರೆಯುವವರು ಡಾಕ್ಟರನ್ನು ಕೇಳಿ ಬೆಳಿಗ್ಗೆಗೆ ಬದಲಿಸಿಕೊಳ್ಳುವುದೇ ಮೇಲು. ಒಂದು ದಿನ ತಪ್ಪಿತೆಂದು ಮರುದಿನ ಎರಡು ನುಂಗುವಂತಿಲ್ಲ.

ಬೆಲೆಯ ಮಾತು. ಅಟೋರ್ವಾಸ್ಟ್ಯಾಟಿನ್ ಕೇಂದ್ರದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಅದಕ್ಕೆ ಬೆಲೆಯ ಮಿತಿಯಿದೆ. ಜನೌಷಧಿ ಕೇಂದ್ರಗಳಲ್ಲಿ ಇನ್ನೂ ಅಗ್ಗ. ಜೀವನಪೂರ್ತಿ ನುಂಗಬೇಕಾದ ಮಾತ್ರೆಯನ್ನು ಮನೆಯ ಬಜೆಟ್ಟಿಗೆ ಹೊಂದಿಸುವುದು ನಾಚಿಕೆಯ ವಿಷಯವಲ್ಲ. ದುಬಾರಿ ಬ್ರ್ಯಾಂಡನ್ನು ತಿಂಗಳಲ್ಲಿ ಹದಿನೈದು ದಿನ ನುಂಗುವುದಕ್ಕಿಂತ ಅಗ್ಗದ ಜೆನೆರಿಕ್ ಅನ್ನು ಮೂವತ್ತು ದಿನವೂ ನುಂಗುವುದು ಎಷ್ಟೋ ವಾಸಿ.

ಇನ್ನುಳಿದವುಗಳ ಬಗ್ಗೆ ಚುಟುಕಾಗಿ. ಬೆಂಪೆಡೋಯಿಕ್ ಆಸಿಡ್ ಎಂಬ ಮಾತ್ರೆ ಯಕೃತ್ತಿನಲ್ಲಿ ಮಾತ್ರ ಚುರುಕಾಗುತ್ತದೆ, ಸ್ನಾಯುವಿನಲ್ಲಿ ಅಲ್ಲ. ಸ್ಟ್ಯಾಟಿನ್ ನಿಜಕ್ಕೂ ಒಗ್ಗದವರಿಗೆ ಅದು ದಾರಿ. ಯೂರಿಕ್ ಆಸಿಡ್ ಏರಿ ಗೌಟ್ ಕೆರಳಿಸಬಹುದೆಂಬ ಎಚ್ಚರಿಕೆ ಅದಕ್ಕಿದೆ. ಇವೊಲೊಕುಮ್ಯಾಬ್, ಅಲಿರೊಕುಮ್ಯಾಬ್ ಹದಿನೈದು ದಿನಕ್ಕೊಮ್ಮೆ ಚುಚ್ಚುವ ಇಂಜೆಕ್ಷನ್‌ಗಳು, ಎಲ್‌ಡಿಎಲ್ ಅನ್ನು ಸುಮಾರು ಶೇ 60 ಇಳಿಸುತ್ತವೆ. ಇನ್‌ಕ್ಲಿಸಿರಾನ್ ಮೊದಲ ಎರಡು ಡೋಸಿನ ನಂತರ ವರ್ಷಕ್ಕೆ ಎರಡೇ ಸಲ. ಈ ಮೂರೂ ಕೆಲಸದಲ್ಲಿ ಗಟ್ಟಿ, ಬೆಲೆಯಲ್ಲಿ ಮಧ್ಯಮ ವರ್ಗದ ಕೈಗೆ ಎಟುಕದವು. ಫೆನೋಫೈಬ್ರೇಟ್ ಟ್ರೈಗ್ಲಿಸರೈಡ್ ಇಳಿಸುವ ಮಾತ್ರೆ. ಟ್ರೈಗ್ಲಿಸರೈಡ್ 500 ದಾಟಿ ಮೇದೋಜೀರಕ ಗ್ರಂಥಿಗೆ ಅಪಾಯವಿದ್ದಾಗ ಅದರ ಕೆಲಸ. ಎಲ್‌ಡಿಎಲ್‌ಗೆ ಅದು ಸ್ಟ್ಯಾಟಿನ್‌ನ ಬದಲಿಯಲ್ಲ.

ಬೆಳ್ಳುಳ್ಳಿ, ಗುಗ್ಗುಳು ಸಾಕಲ್ಲವೇ ಎಂದು ಕೇಳುವವರಿಗೆ ಎರಡು ಪ್ರಯೋಗಗಳ ಫಲಿತಾಂಶ ಹೇಳಬೇಕು. 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಜನರಿಗೆ ಆರು ತಿಂಗಳು ಹಸಿ ಬೆಳ್ಳುಳ್ಳಿ, ಬೆಳ್ಳುಳ್ಳಿ ಮಾತ್ರೆ ತಿನ್ನಿಸಿ ನೋಡಿದರು, ಎಲ್‌ಡಿಎಲ್ ಕದಲಲಿಲ್ಲ. 2003ರಲ್ಲಿ ಗುಗ್ಗುಳುವಿನ ಸಾರವನ್ನು ಎಂಟು ವಾರ ಕೊಟ್ಟ ಪ್ರಯೋಗದಲ್ಲಿ ಎಲ್‌ಡಿಎಲ್ ಇಳಿಯುವ ಬದಲು ತುಸು ಏರಿತು. ಒಗ್ಗರಣೆಗೆ ಬೆಳ್ಳುಳ್ಳಿ ಇರಲಿ. ಇನ್ನು ‘ನೈಸರ್ಗಿಕ’ ಎಂದು ಮಾರುವ ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲ್‌ಗಳಲ್ಲಿರುವುದು ಲೋವಾಸ್ಟ್ಯಾಟಿನ್ನೇ. ಸ್ಟ್ಯಾಟಿನ್‌ಗೆ ಹೆದರಿ ಅದನ್ನು ಕೊಂಡವರು ಅಳತೆ ಗೊತ್ತಿಲ್ಲದ ಸ್ಟ್ಯಾಟಿನ್ ನುಂಗುತ್ತಿರುತ್ತಾರೆ.

ನೋವು ನಿಜ, ಕಾರಣ ಬೇರೆ

ಈಗ ಕಾಲು ಸೆಳೆತಕ್ಕೆ ಬರೋಣ. ಭಯ ಬುಡವಿಲ್ಲದ್ದೇನಲ್ಲ. ಸೆರಿವಾಸ್ಟ್ಯಾಟಿನ್ ಎಂಬ ಔಷಧ ಸ್ನಾಯುಗಳನ್ನು ಕರಗಿಸಿ, ಕಿಡ್ನಿ ಕೆಡಿಸಿ, ಸಾವುಗಳಿಗೆ ಕಾರಣವಾಗಿ 2001ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಅದರ ನೆರಳು ಇಡೀ ಗುಂಪಿನ ಮೇಲೆ ಬಿದ್ದಿದೆ. ಈಗ ಬಳಕೆಯಲ್ಲಿರುವ ಸ್ಟ್ಯಾಟಿನ್‌ಗಳ ಲೆಕ್ಕವನ್ನು 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ವಿಮರ್ಶಾ ಲೇಖನವೊಂದು ಹೀಗೆ ಕೊಟ್ಟಿತು. 10,000 ಜನ ಐದು ವರ್ಷ ಅಟೋರ್ವಾ 40ರಂಥ ಡೋಸ್ ತೆಗೆದುಕೊಂಡರೆ ಗಂಭೀರ ಸ್ನಾಯು ತೊಂದರೆ ಸುಮಾರು 5 ಜನರಿಗೆ. ಹೊಸದಾಗಿ ಸಕ್ಕರೆ ಕಾಯಿಲೆ 50ರಿಂದ 100 ಜನರಿಗೆ. ಮೆದುಳಿನ ರಕ್ತಸ್ರಾವ 5ರಿಂದ 10 ಜನರಿಗೆ. ತಪ್ಪುವ ಹೃದಯಾಘಾತ, ಪಾರ್ಶ್ವವಾಯು ಮುಂತಾದವು, ಆಗಲೇ ಹೃದ್ರೋಗವಿದ್ದವರಲ್ಲಿ ಸುಮಾರು 1,000. ಕಾಯಿಲೆ ಇನ್ನೂ ಬಾರದ, ಆದರೆ ಅಪಾಯದಲ್ಲಿರುವವರಲ್ಲಿ ಸುಮಾರು 500.

ಸಾಮಾನ್ಯ ಮೈಕೈ ನೋವಿನ ಕಥೆ ಬೇರೆ. 2022ರಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸ್ಟ್ಯಾಟಿನ್ ನುಂಗಿದವರಲ್ಲಿ ಶೇ 27.1 ಮಂದಿಗೆ ಸ್ನಾಯು ನೋವು. ಔಷಧವೇ ಇಲ್ಲದ ಸುಳ್ಳು ಮಾತ್ರೆ ನುಂಗಿದವರಲ್ಲಿ? ಶೇ 26.6. ಮೊದಲ ವರ್ಷದಲ್ಲಿ ಸ್ಟ್ಯಾಟಿನ್ ನುಂಗುವ ಹದಿನೈದು ಜನ ನೋವೆಂದು ಬಂದರೆ ಅದರಲ್ಲಿ ಒಬ್ಬರದ್ದು ಮಾತ್ರ ಮಾತ್ರೆಯಿಂದಾದದ್ದು. ಆಮೇಲಿನ ವರ್ಷಗಳಲ್ಲಿ ಹೆಚ್ಚುವರಿ ನೋವು ಗಣನೀಯವಾಗಿ ಕಾಣಲಿಲ್ಲ.

ಇದಕ್ಕಿಂತ ಸ್ವಾರಸ್ಯದ್ದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2020ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗ. ನೋವಿನಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ವರ್ಷಕ್ಕಾಗುವಂತೆ ಹನ್ನೆರಡು ಬಾಟಲಿ ಕೊಟ್ಟರು. ನಾಲ್ಕರಲ್ಲಿ ಅಟೋರ್ವಾಸ್ಟ್ಯಾಟಿನ್, ನಾಲ್ಕರಲ್ಲಿ ಅದೇ ರೂಪದ ಸುಳ್ಳು ಮಾತ್ರೆ, ನಾಲ್ಕು ಖಾಲಿ. ಯಾವ ಬಾಟಲಿಯ ಮಾತ್ರೆ ಅಸಲಿ, ಯಾವುದರದ್ದು ಸುಳ್ಳು ಎಂದು ಅವರಿಗೆ ತಿಳಿಯದು. ದಿನಾ ಫೋನಿನಲ್ಲಿ ನೋವಿಗೆ ನೂರಕ್ಕೆ ಎಷ್ಟು ಅಂಕ ಎಂದು ದಾಖಲಿಸಬೇಕು. ಖಾಲಿ ಬಾಟಲಿಯ ತಿಂಗಳುಗಳಲ್ಲಿ ಸರಾಸರಿ 8. ಸ್ಟ್ಯಾಟಿನ್ ತಿಂಗಳುಗಳಲ್ಲಿ 16.3. ಸುಳ್ಳು ಮಾತ್ರೆಯ ತಿಂಗಳುಗಳಲ್ಲಿ 15.4! ನೋವನ್ನು ಯಾರೂ ನಟಿಸಿರಲಿಲ್ಲ, ಅದು ನಿಜವಾಗಿಯೂ ಇತ್ತು. ಆದರೆ ಅದರ ಬಹುಪಾಲನ್ನು ತಂದದ್ದು ಮಾತ್ರೆಯೊಳಗಿನ ಔಷಧವಲ್ಲ, ಮಾತ್ರೆ ನುಂಗುತ್ತಿದ್ದೇನೆಂಬ ಅರಿವು. ತಮ್ಮದೇ ಅಂಕಪಟ್ಟಿ ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರು ಮಾಡಿದರು.

ಇದನ್ನು ಓದಿ “ಎಲ್ಲ ನಿನ್ನ ಮನಸ್ಸಿನ ಭ್ರಮೆ” ಎಂದು ಹೆಂಡತಿಗೋ ಅಪ್ಪನಿಗೋ ಹೇಳುವುದು ಅನ್ಯಾಯ. ಆ ಹದಿನೈದರಲ್ಲಿ ಒಬ್ಬರು ಅವರೇ ಇರಬಹುದು. ಹಾಗಾಗಿ ನೋವನ್ನು ವಿಚಾರಣೆಗೆ ಒಳಪಡಿಸಬೇಕು. ಸ್ಟ್ಯಾಟಿನ್ ನೋವು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ, ದೊಡ್ಡ ಸ್ನಾಯುಗಳಲ್ಲಿ ಬರುತ್ತದೆ: ತೊಡೆ, ಪೃಷ್ಠ, ಮೀನಖಂಡ, ಹೆಗಲು. ಮಾತ್ರೆ ಶುರುವಾದ ಅಥವಾ ಡೋಸ್ ಏರಿದ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ನೆಲದಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ಶಕ್ತಿ ಸಾಲದೆನಿಸುತ್ತದೆ. ಬಲಗಾಲಿನ ಮಂಡಿ ಮಾತ್ರ ಕಟಕಟ ಎಂದರೆ ಅದು ಸಂಧಿಯ ಸವೆತ. ಸೊಂಟದಿಂದ ಒಂದು ಕಾಲಿಗೆ ಮಿಂಚಿನಂತೆ ಇಳಿದರೆ ಅದು ನರ. ಪಾದ ಉರಿದರೆ ಶುಗರ್ ನೋಡಬೇಕು. ಇವಕ್ಕೆಲ್ಲ ಮಾತ್ರೆ ಬಿಟ್ಟು ಕೂತರೆ ಮಂಡಿಯೂ ವಾಸಿಯಾಗದು, ಎಲ್‌ಡಿಎಲ್ ಕೂಡ ಏರುತ್ತದೆ.

ಅನುಮಾನ ಬಲವಾಗಿದ್ದರೆ ವೈದ್ಯರು ಸಿಕೆ ಎಂಬ ರಕ್ತಪರೀಕ್ಷೆ ಬರೆಯುತ್ತಾರೆ. ಅದರ ಹಿಂದಿನ ಒಂದೆರಡು ದಿನ ಜಿಮ್, ತೋಟದ ಅಗೆತ ಬೇಡ. ಸ್ನಾಯು ದಣಿದರೂ ಸಿಕೆ ಏರುತ್ತದೆ. ಥೈರಾಯ್ಡ್, ವಿಟಮಿನ್ ಡಿ ಕೂಡ ನೋಡಿಸುವುದು ಒಳ್ಳೆಯದು. ಸಿಕೆ ಸಹಜ ಮಿತಿಯ ಹತ್ತು ಪಟ್ಟು ದಾಟಿದ್ದರೆ ಔಷಧ ತಕ್ಷಣ ನಿಲ್ಲುತ್ತದೆ. ಅಷ್ಟಿಲ್ಲದಿದ್ದರೆ ನಡೆಯುವುದು ಒಂದು ಚಿಕ್ಕ ಪ್ರಯೋಗ. ಎರಡರಿಂದ ನಾಲ್ಕು ವಾರ ಮಾತ್ರೆ ನಿಲ್ಲಿಸಿ, ಕ್ಯಾಲೆಂಡರಿನ ಚೌಕದಲ್ಲಿ ದಿನಾ ನೋವಿಗೆ ಹತ್ತಕ್ಕೆ ಅಂಕ ಬರೆಯುವುದು. ಕಡಿಮೆಯಾಗದಿದ್ದರೆ ಮಾತ್ರೆ ನಿರಪರಾಧಿ. ಕಡಿಮೆಯಾದರೆ ಚಿಕ್ಕ ಡೋಸಿನಲ್ಲಿ ಅದನ್ನೇ, ಇಲ್ಲವೇ ಬೇರೆ ಸ್ಟ್ಯಾಟಿನ್ ಶುರು ಮಾಡಿ ಮತ್ತೆ ಅಂಕ ಬರೆಯುವುದು. ಒಂದು ಒಗ್ಗದವರಿಗೆ ಇನ್ನೊಂದು ಒಗ್ಗುವುದು ಸಾಮಾನ್ಯ. ಪಿಟಾವಾಸ್ಟ್ಯಾಟಿನ್ ಇದೆ, ದಿನ ಬಿಟ್ಟು ದಿನ ರೋಸುವಾ 5 ಕೊಡುವ ಕ್ರಮವೂ ಇದೆ. ಎರಡು ಮೂರು ಬಗೆ ನೋಡಿದ ಮೇಲೂ ಆಗದಿದ್ದರೆ ಎಜೆಟಿಮೈಬ್, ಬೆಂಪೆಡೋಯಿಕ್ ಕಡೆಗೆ ಹೊರಳಬಹುದು. ಇದೆಲ್ಲ ವೈದ್ಯರಿಗೆ ತಿಳಿಸಿ ಮಾಡುವ ಕೆಲಸ. ಹೃದಯಾಘಾತವಾಗಿಯೋ ಸ್ಟೆಂಟ್ ಹಾಕಿಸಿಕೊಂಡೋ ಹೆಚ್ಚು ದಿನವಾಗದವರು ಹೇಳದೆ ಕೇಳದೆ ಒಂದು ವಾರವೂ ನಿಲ್ಲಿಸಬಾರದು.

ಕಾಯಬಾರದ ಲಕ್ಷಣ ಒಂದಿದೆ. ವಿಪರೀತ ಸ್ನಾಯು ನೋವು, ನಿಶ್ಶಕ್ತಿಯ ಜೊತೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಣ್ಣು ಹಳದಿಯಾದರೂ ಹಾಗೆಯೇ.

ಲಿವರ್ ಭಯಕ್ಕೆ ಇಷ್ಟು ಜಾಗ ಬೇಕಿಲ್ಲ. ಯಕೃತ್ತಿನ ಕಿಣ್ವಗಳು ಸಹಜ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು ಏರುವುದು ನೂರರಲ್ಲಿ ಒಬ್ಬರಿಗೆ, ಅದೂ ಹೆಚ್ಚಾಗಿ ದೊಡ್ಡ ಡೋಸಿನಲ್ಲಿ. ಡೋಸ್ ಇಳಿಸಿದರೆ ಇಳಿಯುತ್ತದೆ. ಶುರುವಿಗೆ ಮುಂಚೆ ಒಂದು ಲಿವರ್ ಪರೀಕ್ಷೆ (ಎಲ್‌ಎಫ್‌ಟಿ) ಸಾಕು, ಸುಮ್ಮಸುಮ್ಮನೆ ಪದೇ ಪದೇ ಬೇಡ ಎಂದು ಅಮೆರಿಕದ ನಿಯಂತ್ರಣ ಸಂಸ್ಥೆ 2012ರಲ್ಲೇ ಹೇಳಿತು. ಫ್ಯಾಟಿ ಲಿವರ್ ಇದೆ ಎಂದು ಸ್ಟ್ಯಾಟಿನ್ ನಿರಾಕರಿಸಬೇಕಿಲ್ಲ. ಫ್ಯಾಟಿ ಲಿವರ್ ಇರುವವರಲ್ಲೇ ಹೃದ್ರೋಗದ ಅಪಾಯ ಹೆಚ್ಚು. ಸಕ್ಕರೆ ಮಟ್ಟ ತುಸು ಏರುವುದು ಮಾತ್ರ ನಿಜ. 255 ಜನ ನಾಲ್ಕು ವರ್ಷ ಸ್ಟ್ಯಾಟಿನ್ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಸಕ್ಕರೆ ಕಾಯಿಲೆ ಬರುತ್ತದೆ ಎಂದು 2010ರ ವಿಶ್ಲೇಷಣೆ ಲೆಕ್ಕ ಹಾಕಿತು. ಬಹುಮಟ್ಟಿಗೆ ಗಡಿಯಲ್ಲೇ ನಿಂತಿದ್ದವರು ಗಡಿ ದಾಟುತ್ತಾರೆ. ಪ್ರೀ ಡಯಾಬಿಟಿಸ್ ಇರುವವರು ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯ ಮೇಲೆ ಕಣ್ಣಿಟ್ಟು ಮಾತ್ರೆ ಮುಂದುವರಿಸಬೇಕು. ಮಗುವಿಗಾಗಿ ಯೋಚಿಸುತ್ತಿರುವ, ಬಸುರಿಯಾದ, ಹಾಲೂಡಿಸುವ ಹೆಣ್ಣುಮಕ್ಕಳು ಮಾತ್ರ ಸ್ಟ್ಯಾಟಿನ್ ಬಗ್ಗೆ ಮೊದಲೇ ವೈದ್ಯರೊಡನೆ ಮಾತಾಡಬೇಕು. ಬಹುತೇಕರಿಗೆ ಆ ಅವಧಿಯಲ್ಲಿ ನಿಲ್ಲಿಸುತ್ತಾರೆ.

ಹುಳುಕಡ್ಡಿ ಮಾತ್ರೆ, ದೇವನಹಳ್ಳಿ ಚಕ್ಕೋತ

ಸ್ಟ್ಯಾಟಿನ್ ಒಂಟಿಯಾಗಿ ಮಾಡದ ಕೇಡನ್ನು ಜೊತೆಗಾರ ಮಾಡಿಸುತ್ತಾನೆ. ತೊಡೆಸಂದಿಯ ಹುಳುಕಡ್ಡಿಗೆ ಚರ್ಮದ ಡಾಕ್ಟರು ವಾರಗಟ್ಟಲೆ ಬರೆಯುವ ಇಟ್ರಾಕೊನಜೋಲ್ ಕ್ಯಾಪ್ಸೂಲ್, ಎದೆಯ ಸೋಂಕಿಗೆ ಬರೆಯುವ ಕ್ಲಾರಿಥ್ರೊಮೈಸಿನ್, ಇವೆರಡೂ ಅಟೋರ್ವಾ, ಸಿಮ್ವಾ ದೇಹದಿಂದ ಕಳೆದುಹೋಗದಂತೆ ತಡೆದು ರಕ್ತದಲ್ಲಿ ಅವುಗಳ ಮಟ್ಟ ಏರಿಸುತ್ತವೆ. ಹೃದಯದ ಡಾಕ್ಟರಿಗೆ ಹುಳುಕಡ್ಡಿ ಗೊತ್ತಿಲ್ಲ, ಚರ್ಮದ ಡಾಕ್ಟರಿಗೆ ಕೊಲೆಸ್ಟ್ರಾಲ್ ಗೊತ್ತಿಲ್ಲ. ಎರಡೂ ಗೊತ್ತಿರುವುದು ರೋಗಿಗೆ ಮಾತ್ರ. ಹೇಳಬೇಕಾದ್ದು ಅವರೇ. ಗೌಟ್‌ನ ಕೋಲ್ಚಿಸಿನ್, ಟ್ರೈಗ್ಲಿಸರೈಡ್‌ನ ಜೆಮ್‌ಫೈಬ್ರೊಜಿಲ್ ಕೂಡ ಇದೇ ಸಾಲಿಗೆ ಸೇರುತ್ತವೆ.

ಔಷಧದ ಚೀಟಿಯಲ್ಲಿ ‘ಗ್ರೇಪ್‌ಫ್ರೂಟ್ ಬೇಡ’ ಎಂದು ಓದಿ ದ್ರಾಕ್ಷಿ ಬಿಟ್ಟವರಿದ್ದಾರೆ. ಅದು ದ್ರಾಕ್ಷಿಯಲ್ಲ, ಚಕ್ಕೋತ ಮತ್ತು ಕಿತ್ತಳೆಯ ಸಂಕರದಿಂದ ಹುಟ್ಟಿದ ಹಣ್ಣು. ಅದರಲ್ಲಿರುವ, ಔಷಧ ದೇಹದಿಂದ ಕಳೆದುಹೋಗದಂತೆ ತಡೆಯುವ ರಾಸಾಯನಿಕಗಳು ಚಕ್ಕೋತದಲ್ಲೂ ಇವೆ. ದೇವನಹಳ್ಳಿಯ ಚಕ್ಕೋತಕ್ಕೆ ಜಿಐ ಮಾನ್ಯತೆಯ ಹೆಮ್ಮೆಯಿದೆ. ಹಬ್ಬಕ್ಕೆ ನಾಲ್ಕು ತೊಳೆ ತಿಂದರೆ ಏನೂ ಆಗದು. ಅಟೋರ್ವಾ ಅಥವಾ ಸಿಮ್ವಾ ನುಂಗುವವರು ದಿನಾ ಲೋಟಗಟ್ಟಲೆ ರಸ ಕುಡಿಯುವ ಅಭ್ಯಾಸ ಇಟ್ಟುಕೊಳ್ಳಬಾರದಷ್ಟೆ. ರೋಸುವಾದವರಿಗೆ ಈ ಚಿಂತೆಯಿಲ್ಲ.

ನಮ್ಮ ಮಾರುಕಟ್ಟೆಯದ್ದೇ ಇನ್ನೊಂದು ವಿಶೇಷ ಮೂರು ಔಷಧ ಒಂದೇ ಕ್ಯಾಪ್ಸೂಲ್‌ನಲ್ಲಿ ತುಂಬುವುದು: ಸ್ಟ್ಯಾಟಿನ್, ಆಸ್ಪಿರಿನ್, ಕ್ಲೊಪಿಡೊಗ್ರೆಲ್. ನುಂಗುವವರು ಅದನ್ನು ‘ಕೊಲೆಸ್ಟ್ರಾಲ್ ಮಾತ್ರೆ’ ಎಂದೇ ಕರೆಯುತ್ತಾರೆ. ಹಲ್ಲು ಕೀಳಿಸಲು ಹೋದಾಗ ದಂತವೈದ್ಯರು “ರಕ್ತ ತೆಳು ಮಾಡುವ ಮಾತ್ರೆ ಇದೆಯಾ?” ಎಂದರೆ ಪ್ರಾಮಾಣಿಕವಾಗಿ “ಇಲ್ಲ” ಎನ್ನುತ್ತಾರೆ. ಕಾಲು ಸೆಳೆತಕ್ಕೆಂದು ಆ ಕ್ಯಾಪ್ಸೂಲ್ ಬಿಟ್ಟರೆ ಸ್ಟೆಂಟ್ ಕಾಯುವ ಆಸ್ಪಿರಿನ್ ಕೂಡ ಜೊತೆಗೇ ನಿಂತುಹೋಗುತ್ತದೆ. ಸ್ಟ್ರಿಪ್‌ನ ಮೇಲಿನ ದೊಡ್ಡ ಹೆಸರು ಬ್ರ್ಯಾಂಡಿನದ್ದು, ಕೆಳಗಿನ ಸಣ್ಣ ಅಕ್ಷರವೇ ಔಷಧ. ಮನೆಯಲ್ಲಿ ಕಣ್ಣು ಚುರುಕಾದವರಿಂದ ಅದನ್ನು ಓದಿಸಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು.

ಮಾತ್ರೆ ಶುರುವಾದ ಅಥವಾ ಡೋಸ್ ಬದಲಾದ 4ರಿಂದ 12 ವಾರಗಳೊಳಗೆ ಲಿಪಿಡ್ ಪರೀಕ್ಷೆ ಮತ್ತೆ ಆಗಬೇಕು. ಗುರಿ ಮುಟ್ಟಿದ ಮೇಲೆ ವರ್ಷಕ್ಕೆ ಒಂದೋ ಎರಡೋ ಸಲ ಸಾಕು. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಡಬ್ಬಿಯ ತಳದ ಆ ಅರ್ಧ ಸ್ಟ್ರಿಪ್ ಜೊತೆಗಿರಲಿ. ಯಾವ ದಿನ ನಿಲ್ಲಿಸಿದ್ದು, ಎಲ್ಲಿ ನೋವಿತ್ತು, ನಿಲ್ಲಿಸಿದ ಮೇಲೆ ಹೋಯಿತೋ ಇಲ್ಲವೋ ಎಂಬುದನ್ನು ಬಚ್ಚಿಡದೆ ಹೇಳಿ. ಹೊರಡುವ ಮುಂಚೆ “ನನ್ನ ಎಲ್‌ಡಿಎಲ್ ಎಷ್ಟಕ್ಕೆ ಇಳಿಯಬೇಕು?” ಎಂದು ಕೇಳಿ, ಆ ಅಂಕಿಯನ್ನು ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ.